ಓದುಗರ ಪ್ರಶ್ನೆ: ಇಷ್ಟು ಕಮ್ಮಿ ತಿಂದರೂ ತೂಕ ಯಾಕೆ ಇಳಿಯುತ್ತಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಊಟ ಕಡಿಮೆ ಮಾಡಿದವರದ್ದು, ಇಲ್ಲವೇ ಅವರ ಮನೆಯವರದ್ದು. ಹಾಗಾಗಿ ಬೇರೆ ವಿಷಯ ಬದಿಗಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ. ಮೊದಲ ಪತ್ರದ ಉತ್ತರ ಉದ್ದ ಆಯಿತು, ಉಳಿದವರಿಗೂ ಅದರಲ್ಲಿ ಅರ್ಧ ಉತ್ತರ ಸಿಗುತ್ತದೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನನಗೆ 34 ವರ್ಷ, ಎತ್ತರ 157 ಸೆಂಟಿಮೀಟರ್. ಎರಡನೇ ಹೆರಿಗೆ ಆದ ಮೇಲೆ ತೂಕ 68 ಕಿಲೋಗೆ ಹೋಗಿತ್ತು. ಏಳು ತಿಂಗಳ ಹಿಂದೆ ಗೆಳತಿ ಒಂದು ವಾಟ್ಸಾಪ್ ಡಯಟ್ ಗುಂಪಿಗೆ ಸೇರಿಸಿದಳು. ಬೆಳಿಗ್ಗೆ ಬಿಸಿನೀರಿಗೆ ಲಿಂಬೆಹುಳಿ, ಆಮೇಲೆ ಸಣ್ಣ ಬಟ್ಟಲಲ್ಲಿ ಓಟ್ಸ್. ಮಧ್ಯಾಹ್ನ ಮುಳ್ಳುಸೌತೆ, ಮಜ್ಜಿಗೆ. ರಾತ್ರಿ ಎರಡು ತೆಳು ಚಪಾತಿ, ಬೇಯಿಸಿದ ತರಕಾರಿ. ಅನ್ನ, ದೋಸೆ, ತೆಂಗಿನಕಾಯಿ ಮುಟ್ಟುವ ಹಾಗಿಲ್ಲ. ಮೂರು ತಿಂಗಳಲ್ಲಿ 11 ಕಿಲೋ ಇಳಿಯಿತು. ಆಮೇಲೆ ನಾಲ್ಕು ತಿಂಗಳಿಂದ 57ರಲ್ಲೇ ನಿಂತಿದೆ. ಮೊನ್ನೆ ತಮ್ಮನ ಮದುವೆಯಲ್ಲಿ ಎರಡು ದಿನ ಸರಿಯಾಗಿ ಊಟ ಮಾಡಿದ್ದಕ್ಕೆ 2 ಕಿಲೋ ಏರಿತು! ಕೈಕಾಲು ಯಾವಾಗಲೂ ತಣ್ಣಗೆ, ಬಾಚಣಿಗೆ ತುಂಬ ಕೂದಲು, ಮುಟ್ಟು ಹಿಂದೆಮುಂದೆ, ಮಕ್ಕಳ ಮೇಲೆ ಸುಮ್ನೆ ರೇಗುತ್ತೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಅಡುಗೆ ವಿಡಿಯೊ ನೋಡುತ್ತಾ ಕೂರುತ್ತೇನೆ. ಥೈರಾಯ್ಡ್ ನೋಡಿಸಿದೆ, ಟಿಎಸ್‌ಎಚ್ ಸರಿ ಉಂಟು. ಗುಂಪಿನವರು ಇನ್ನೂ ಕಮ್ಮಿ ತಿನ್ನಿ, 50 ಕಿಲೋ ಆಗಬೇಕು ಅಂತಾರೆ. ನನ್ನ ಮೆಟಬಾಲಿಸಂ ಪೂರ್ತಿ ಹಾಳಾಯಿತಾ? ಎಂತ ಮಾಡುವುದು?
— ಬದಿಯಡ್ಕದಿಂದ ಒಬ್ಬರು

ಉತ್ತರ: ಮೆಟಬಾಲಿಸಂ, ಅಂದರೆ ದೇಹ ಶಕ್ತಿ ಸುಡುವ ವ್ಯವಸ್ಥೆ, ಹಾಳಾಗಿಲ್ಲ. ಮೊದಲು ಅದನ್ನು ತಲೆಯಿಂದ ತೆಗೆದುಹಾಕಿ. ಇನ್ನೊಂದು ಮಾತು ಗುಂಪಿನವರು ನಿಮಗೆ ಹೇಳಿಲ್ಲ ಅಂತ ಕಾಣುತ್ತದೆ: ನಿಮ್ಮ ಎತ್ತರಕ್ಕೆ 57 ಕಿಲೋ ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆ) 23ರ ಆಸುಪಾಸು. ನಮ್ಮ ಕಡೆಯವರಿಗೆ ಆರೋಗ್ಯಕರ ಅಂತ ಹೇಳುವ ಮಿತಿಯೂ ಅದೇ, 23. ಅಂದರೆ ಇಳಿಸಬೇಕಾದದ್ದನ್ನು ನೀವು ಇಳಿಸಿ ನಾಲ್ಕು ತಿಂಗಳಾಯಿತು. 50 ಅನ್ನುವುದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ, ವೈದ್ಯಕೀಯದಿಂದ ಅಂತೂ ಬಂದದ್ದಲ್ಲ.

ಈಗ ಲೆಕ್ಕ ನೋಡೋಣ. ನೀವು ಬರೆದ ಪಟ್ಟಿಗೆ ದಿನದ ಎರಡು ಮೂರು ಚಹಾ ಸೇರಿಸಿದರೂ 700 ಕ್ಯಾಲೊರಿ ದಾಟುವುದು ಕಷ್ಟ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ಹಾಕಿಕೊಟ್ಟ ಲೆಕ್ಕದಲ್ಲಿ, ಜಾಸ್ತಿ ಮೈಕೆಲಸ ಇಲ್ಲದ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಬೇಕಾದದ್ದು 1660 ಕ್ಯಾಲೊರಿ. ಎರಡು ಮಕ್ಕಳು, ಮನೆಕೆಲಸ, ಅಂಗಳ, ನೀರು ಅಂತ ಓಡಾಡುವವರಿಗೆ ಇನ್ನೂ ಸ್ವಲ್ಪ ಮೇಲೆ. ನಿಮ್ಮ ಪಟ್ಟಿಯ ಪ್ರಕಾರವಾದರೆ ಅರ್ಧಕ್ಕಿಂತ ಕಮ್ಮಿಯಲ್ಲಿ ನೀವು ಏಳು ತಿಂಗಳು ಬದುಕಿದ್ದೀರಿ.

ನಾವು ಸುಮ್ನೆ ಮಲಗಿದ್ದರೂ ಹೃದಯ, ಮೆದುಳು, ಲಿವರ್, ಕಿಡ್ನಿ ಕೆಲಸ ಮಾಡುತ್ತಲೇ ಇರುತ್ತವೆ, ಮೈಯನ್ನು ಬೆಚ್ಚಗೆ ಇಡಬೇಕು, ಹಳೆಯ ಜೀವಕೋಶ ಹೋಗಿ ಹೊಸದು ಬರಬೇಕು. ದಿನದ ಖರ್ಚಿನಲ್ಲಿ ಶೇಕಡಾ 60ರಿಂದ 70 ಇದಕ್ಕೇ ಹೋಗುತ್ತದೆ. ಉಂಡದ್ದನ್ನು ಅರಗಿಸಲಿಕ್ಕೆ ಸುಮಾರು ಶೇಕಡಾ 10. ಉಳಿದದ್ದು ಓಡಾಟಕ್ಕೆ. ಊಟ ತುಂಬಾ ಕಡಿಮೆಯಾಗಿ, ಅದು ವಾರಗಟ್ಟಲೆ ಮುಂದುವರಿದರೆ, ದೇಹ ಈ ಮೂರೂ ಕಡೆ ಕೈ ಬಿಗಿ ಹಿಡಿಯುತ್ತದೆ.

ಹೇಗೆ ಹಿಡಿಯುತ್ತದೆ ಅಂತ ತಿಳಿಯಲು ಗುಡ್ಡ ಕೊರೆದು ನೀರು ತರುವ ನಮ್ಮ ಊರಿನ ಸುರಂಗವನ್ನು ನೆನೆಯಿರಿ. ಏಪ್ರಿಲ್ ಹೊತ್ತಿಗೆ ಸುರಂಗದ ನೀರು ಬೆರಳಿನಷ್ಟಕ್ಕೆ ಇಳಿದಾಗ ತೋಟದವರು ಎಲ್ಲ ಗಿಡಕ್ಕೂ ನೀರು ನಿಲ್ಲಿಸುತ್ತಾರಾ? ಇಲ್ಲ. ಅಡಿಕೆ ಮರ ಒಣಗಲು ಬಿಡುವುದಿಲ್ಲ, ದಿನ ಬಿಟ್ಟು ದಿನವಾದರೂ ಕೊಡುತ್ತಾರೆ. ಬಸಳೆ ಚಪ್ಪರಕ್ಕೆ, ಅಂಗಳದ ಹೂವಿನ ಗಿಡಕ್ಕೆ ಮೊದಲು ನಿಲ್ಲುತ್ತದೆ. ದೇಹ ಮಾಡುವುದೂ ಅದನ್ನೇ. ಹೃದಯಕ್ಕೆ, ಮೆದುಳಿಗೆ ಹೇಗಾದರೂ ಮಾಡಿ ಒದಗಿಸುತ್ತದೆ. ಕೂದಲು, ಚರ್ಮ, ಕೈಕಾಲಿನ ಬಿಸಿ, ಕರುಳಿನ ಓಟ, ತಿಂಗಳ ಮುಟ್ಟು, ಇವುಗಳಿಗೆ ಮೊದಲು ಕತ್ತರಿ. ನಿಮ್ಮ ಪತ್ರದಲ್ಲಿ ನೀವು ಬರೆದ ಒಂದೊಂದು ತೊಂದರೆಯೂ ಈ ಸಾಲಿಗೆ ಸೇರಿದ್ದು. ಬೇರೆ ಬೇರೆ ರೋಗ ಅಂತ ಹೆದರಬೇಡಿ.

ಇದನ್ನು ನಡೆಸುವುದು ಹಾರ್ಮೋನುಗಳು. ಕೊಬ್ಬಿನ ಕೋಶಗಳಿಂದ ಲೆಪ್ಟಿನ್ ಅನ್ನುವ ಹಾರ್ಮೋನು ಬರುತ್ತದೆ, 1994ರಲ್ಲಿ ನ್ಯೂಯಾರ್ಕಿನಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಕಂಡುಹಿಡಿದದ್ದು. ಮನೆಯಲ್ಲಿ ದಾಸ್ತಾನು ಎಷ್ಟಿದೆ ಅಂತ ಮೆದುಳಿಗೆ ಸುದ್ದಿ ಕೊಡುವುದು ಅದರ ಕೆಲಸ. ಊಟ ಕಡಿತ ಮಾಡಿದ ಕೆಲವೇ ದಿನಗಳಲ್ಲಿ ಅದು ದಡಕ್ಕನೆ ಕೆಳಗೆ ಬೀಳುತ್ತದೆ, ಕೊಬ್ಬು ಇನ್ನೂ ಅಷ್ಟು ಕರಗಿರುವುದೇ ಇಲ್ಲ. ಮೆದುಳು ಅದನ್ನು ಬರಗಾಲ ಅಂತ ಓದಿಕೊಳ್ಳುತ್ತದೆ. ಹಸಿವು ಹೆಚ್ಚಿಸುತ್ತದೆ, ಥೈರಾಯ್ಡಿನ ಟಿ3 ಹಾರ್ಮೋನನ್ನು ಇಳಿಸುತ್ತದೆ. ನಿಮ್ಮ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಸೂಚನೆ ಕೊಡುವ ಹಾರ್ಮೋನು) ಸರಿ ಬಂದದ್ದಕ್ಕೆ ಇದೇ ಕಾರಣ ಇರಬಹುದು: ಇಲ್ಲಿ ಗ್ರಂಥಿಗೆ ರೋಗ ಇಲ್ಲ, ದೇಹ ಬೇಕೆಂದೇ ಟಿ3 ಕಮ್ಮಿ ಮಾಡಿಕೊಳ್ಳುತ್ತದೆ. ಹಾಗಾಗಿ ಯಾರಾದರೂ ಥೈರಾಯ್ಡ್ ಮಾತ್ರೆ ತಿಂದರೆ ತೂಕ ಇಳಿಯುತ್ತದೆ ಅಂದರೆ ದಯವಿಟ್ಟು ಕೇಳಬೇಡಿ. ಮಾಂಸಖಂಡ ಇನ್ನಷ್ಟು ಕರಗುತ್ತದೆ, ಎದೆಬಡಿತ ಏರುಪೇರಾಗುತ್ತದೆ.

ಆಟಿ ತಿಂಗಳ ಕಥೆಯನ್ನು ನಿಮ್ಮ ಅಜ್ಜಿಯ ಹತ್ತಿರ ಕೇಳಿ ನೋಡಿ. ಹೊರಗೆ ಬಿಡದ ಮಳೆ, ಕೂಲಿ ಇಲ್ಲ, ಅಕ್ಕಿ ಮುಗಿದಿದೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ಕೆಸುವಿನ ಎಲೆಯಲ್ಲಿ ಮನೆಮಂದಿ ದಿನ ದೂಡಬೇಕು. ಅದನ್ನು ದಾಟಿ ಬಂದವರ ಮೊಮ್ಮಕ್ಕಳು ನಾವು. ಬರ ಬಂದಾಗ ಖರ್ಚು ಕಮ್ಮಿ ಮಾಡುವ ಮೈ ನಮಗೆ ಬಳುವಳಿ. ಅದಕ್ಕೆ ವಾಟ್ಸಾಪ್ ಗುಂಪೂ ಗೊತ್ತಿಲ್ಲ, ಕನ್ನಡಿಯೂ ಗೊತ್ತಿಲ್ಲ.

ಈ ವಿಷಯದಲ್ಲಿ ಜಗತ್ತು ಇವತ್ತಿಗೂ ತಿರುಗಿ ನೋಡುವ ಪ್ರಯೋಗ ಒಂದಿದೆ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತು, 1944–45. ಯುರೋಪಿನಲ್ಲಿ ಲಕ್ಷಾಂತರ ಜನ ಹಸಿವಿನಲ್ಲಿದ್ದರು, ಅವರಿಗೆ ಮತ್ತೆ ಊಟ ಕೊಡುವುದು ಹೇಗೆ ಅಂತ ತಿಳಿಯಬೇಕಿತ್ತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟಾದ ಯುವಕರನ್ನು ಆರಿಸಿದರು. ಯುದ್ಧದಲ್ಲಿ ಕೊಲ್ಲುವುದಿಲ್ಲ ಅಂತ ಮನಸ್ಸಾಕ್ಷಿಯ ಕಾರಣಕ್ಕೆ ಸೈನ್ಯಕ್ಕೆ ಸೇರದವರು, ತಾವಾಗಿಯೇ ಬಂದವರು. ಮೊದಲು 12 ವಾರ ಹೊಟ್ಟೆತುಂಬ ಊಟ, 3200 ಕ್ಯಾಲೊರಿಯ ಹತ್ತಿರ. ಆಮೇಲೆ 24 ವಾರ ಸುಮಾರು 1570 ಕ್ಯಾಲೊರಿ. ಬ್ರೆಡ್ಡು, ಆಲೂಗಡ್ಡೆ, ಟರ್ನಿಪ್ ಗೆಡ್ಡೆ, ಮ್ಯಾಕರೋನಿ, ಇಷ್ಟೇ. ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡೆಯಬೇಕು.

ಇಲ್ಲಿ ಒಂದು ನಿಮಿಷ ನಿಲ್ಲಿ. ಆ ಪ್ರಯೋಗದಲ್ಲಿ ಅರೆಹೊಟ್ಟೆ ಅಂತ ಕರೆದದ್ದು 1570 ಕ್ಯಾಲೊರಿಯನ್ನು. ಗಂಡಸರು, ನಡೆಯುವವರು, ಅದು ನಿಜ. ಆದರೂ ನಿಮ್ಮ ಗುಂಪು ಕೊಟ್ಟದ್ದು ಅದರ ಅರ್ಧ.

ಆ ಹುಡುಗರ ತೂಕ ಸರಾಸರಿ ಕಾಲು ಭಾಗ ಇಳಿಯಿತು. ಸುಮ್ನೆ ಮಲಗಿದ್ದಾಗ ದೇಹ ಸುಡುವ ಶಕ್ತಿ ಶೇಕಡಾ 40ರಷ್ಟು ಕುಸಿಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ದೇಹವೇ ಕುಗ್ಗಿದ್ದರಿಂದ, ಸಣ್ಣ ದೇಹಕ್ಕೆ ಸಣ್ಣ ಖರ್ಚು, ಅದು ಸಹಜ. ಉಳಿದದ್ದು ಹಾಗಲ್ಲ, ಇದ್ದ ಜೀವಕೋಶಗಳೇ ಮೊದಲಿಗಿಂತ ಕಮ್ಮಿ ಸುಡತೊಡಗಿದ್ದರಿಂದ. ಎದೆಬಡಿತ ನಿಮಿಷಕ್ಕೆ 35ರ ಹತ್ತಿರಕ್ಕೆ ಇಳಿದವರಿದ್ದರು. ಬೇಸಿಗೆಯಲ್ಲೂ ಚಳಿ. ಕಾಲು ಊದಿಕೊಂಡಿತು. ಕುರ್ಚಿಯಲ್ಲಿ ಕೂತರೆ ಮೂಳೆ ಒತ್ತುತ್ತಿತ್ತು. ತಟ್ಟೆ ನೆಕ್ಕುತ್ತಿದ್ದರು. ಸಿಕ್ಕ ಊಟವನ್ನು ಗಂಟೆಗಟ್ಟಲೆ ಎಳೆಯುತ್ತಿದ್ದರು. ಮತ್ತೆ, ಇದನ್ನು ನಿಮಗೋಸ್ಕರವೇ ಬರೆಯುತ್ತಿದ್ದೇನೆ, ಅಡುಗೆ ಪುಸ್ತಕ ಓದುತ್ತಿದ್ದರು! ಅಡುಗೆಯಲ್ಲಿ ಆಸಕ್ತಿಯೇ ಇಲ್ಲದಿದ್ದ ಹುಡುಗರು ಪಾಕವಿಧಾನ ಬರೆದು ಕೂಡಿಡುತ್ತಿದ್ದರು. ರಾತ್ರಿ ನೀವು ಅಡುಗೆ ವಿಡಿಯೊ ನೋಡುವುದು ಚಪಲ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ಹಸಿದ ಮೆದುಳು ಊಟ ಹುಡುಕುತ್ತಿದೆ ಅಷ್ಟೇ. ಮಕ್ಕಳ ಮೇಲೆ ರೇಗುವುದೂ ಹಾಗೆಯೇ. ಆ ಹುಡುಗರೂ ಸಣ್ಣ ಸಣ್ಣದಕ್ಕೆ ಸಿಡುಕುತ್ತಿದ್ದರು, ಮಂಕಾಗಿ ಮೂಲೆ ಹಿಡಿಯುತ್ತಿದ್ದರು.

ಊಟ ಮತ್ತೆ ಹೆಚ್ಚಿಸಿದ ಮೇಲೆ ಅವರು ಸರಿಯಾದರು, ಆದರೆ ತಿಂಗಳುಗಟ್ಟಲೆ ಹಿಡಿಯಿತು. ಹೊಟ್ಟೆ ತುಂಬಿದರೂ ಹಸಿವು ಹೋಗುತ್ತಿರಲಿಲ್ಲ. ಮೊದಲು ವಾಪಸ್ ಬಂದದ್ದು ಕೊಬ್ಬು, ಮಾಂಸಖಂಡ ನಿಧಾನವಾಗಿ ಹಿಂದೆ ಬಂತು. ಡಯಟ್ ಬಿಟ್ಟ ಮೇಲೆ ಮೊದಲಿಗಿಂತ ದಪ್ಪ ಆದೆ ಅನ್ನುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ, ಅಲ್ವಾ? ಕಾರಣ ಇಲ್ಲಿದೆ.

ಈಗಿನ ಕಾಲದ್ದೂ ಒಂದು ಹೇಳುತ್ತೇನೆ. ಅಮೆರಿಕದಲ್ಲಿ ಟಿವಿಗಾಗಿ ತೂಕ ಇಳಿಸುವ ಸ್ಪರ್ಧೆ ನಡೆಯುತ್ತಿತ್ತು. ಅದರಲ್ಲಿ ಭಾಗವಹಿಸಿದ 14 ಮಂದಿಯನ್ನು ಕೆವಿನ್ ಹಾಲ್ ಅನ್ನುವ ಸಂಶೋಧಕರ ತಂಡ ಆರು ವರ್ಷಗಳ ನಂತರ ಪುನಃ ಪರೀಕ್ಷಿಸಿತು, 2016ರಲ್ಲಿ ಫಲಿತಾಂಶ ಬಂತು. 30 ವಾರಗಳಲ್ಲಿ ಸರಾಸರಿ 58 ಕಿಲೋ ಇಳಿಸಿದ್ದವರು. ಆರು ವರ್ಷದಲ್ಲಿ ಅದರಲ್ಲಿ 41 ಕಿಲೋ ವಾಪಸ್. ತೂಕ ಬಂದರೂ ಅವರ ದೇಹ ಆ ಗಾತ್ರಕ್ಕೆ ಸುಡಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಮ್ಮಿ ಸುಡುತ್ತಿತ್ತು. ಅದು ಅತಿರೇಕದ ಉದಾಹರಣೆ, ಊಟ ಕಡಿತದ ಜೊತೆ ಗಂಟೆಗಟ್ಟಲೆ ಕಠಿಣ ವ್ಯಾಯಾಮ ಇತ್ತು. ನಿಮಗೆ ಹಾಗಾಗಿದೆ ಅಂತ ನಾನು ಹೇಳುತ್ತಿಲ್ಲ. ಬೇಗ ಬೇಗ, ಜಾಸ್ತಿ ಜಾಸ್ತಿ ಇಳಿಸಿದಷ್ಟೂ ದೇಹ ಬಿಗಿ ಹಿಡಿಯುತ್ತದೆ ಅಂತ ತೋರಿಸಲಿಕ್ಕೆ ಬರೆದೆ.

ಆದರೆ ನಿಮಗೆ ನೇರವಾಗಿ ಹೇಳಬೇಕಾದ ಇನ್ನೊಂದು ಸತ್ಯ ಉಂಟು. ತುಂಬಾ ಕಮ್ಮಿ ತಿಂದರೆ ದೇಹ ತೂಕ ಇಳಿಸುವುದನ್ನೇ ನಿಲ್ಲಿಸುತ್ತದೆ, ಗಾಳಿ ಕುಡಿದರೂ ದಪ್ಪ ಆಗುತ್ತೇವೆ ಅಂತ ಹರಡಿರುವ ಮಾತು ನಿಜವಲ್ಲ. ಮಿನ್ನೆಸೋಟದ ಹುಡುಗರೂ ಇಳಿಯುತ್ತಲೇ ಇದ್ದರು, ನಿಧಾನವಾಗಿ. ದೇಹ ಎಷ್ಟೇ ಬಿಗಿ ಹಿಡಿದರೂ 57 ಕಿಲೋದ ಮೈಯನ್ನು 700 ಕ್ಯಾಲೊರಿಯಲ್ಲಿ ತಿಂಗಳುಗಟ್ಟಲೆ ನಡೆಸಲಾರದು. ಹಾಗಾದರೆ ನಾಲ್ಕು ತಿಂಗಳಿಂದ ಮುಳ್ಳು ಅಲ್ಲೇ ಯಾಕೆ ನಿಂತಿದೆ?

ಒಂದು, ನಿಮಗೆ ಗೊತ್ತಿಲ್ಲದ ಹಾಗೆ ನಿಮ್ಮ ಓಡಾಟ ಕಮ್ಮಿಯಾಗಿರುತ್ತದೆ. ಮೆಟ್ಟಿಲು ಹತ್ತುವ ಬದಲು ಮಗನನ್ನು ಕಳಿಸುವುದು, ನಿಂತು ಮಾಡುತ್ತಿದ್ದ ಕೆಲಸ ಕೂತು ಮಾಡುವುದು, ಮಾತಾಡುವಾಗ ಕೈ ಆಡಿಸದಿರುವುದು, ಎಲ್ಲ ಸೇರಿ ದಿನಕ್ಕೆ ನೂರಾರು ಕ್ಯಾಲೊರಿ ಉಳಿತಾಯ. ಎರಡು, ನೀರು. ಇಷ್ಟು ಒತ್ತಡದಲ್ಲಿರುವ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೊಬ್ಬು ಇಳಿದದ್ದು ತಕ್ಕಡಿಯಲ್ಲಿ ಕಾಣುವುದಿಲ್ಲ. ಮೂರನೆಯದು ಹೇಳಿದರೆ ಬೇಸರ ಮಾಡಬೇಡಿ. ಮಕ್ಕಳು ತಟ್ಟೆಯಲ್ಲಿ ಬಿಟ್ಟ ದೋಸೆಯ ತುಂಡು, ಅಡುಗೆ ಮಾಡುವಾಗ ರುಚಿ ನೋಡಿದ ಎರಡು ಚಮಚ, ಸಂಜೆ ಚಹಾ ಜೊತೆ ಒಂದು ಹಪ್ಪಳ, ಇವು ಲೆಕ್ಕಕ್ಕೆ ಬಂದಿರುವುದಿಲ್ಲ. 1992ರಲ್ಲಿ ನ್ಯೂಯಾರ್ಕಿನಲ್ಲಿ ಇದೇ ದೂರು ಇದ್ದವರನ್ನು ಅಳೆದು ನೋಡಿದರು: ಅವರು ಬರೆದುಕೊಟ್ಟದ್ದಕ್ಕಿಂತ ನಿಜವಾಗಿ ತಿಂದದ್ದು ಸುಮಾರು ಎರಡು ಪಟ್ಟು ಇತ್ತು. ಅವರು ಸುಳ್ಳು ಹೇಳಿದ್ದಲ್ಲ. ಹಸಿದ ದೇಹದ ಕೈ ತಾನಾಗಿಯೇ ಡಬ್ಬಿಗೆ ಹೋಗುತ್ತದೆ, ನೆನಪೂ ಉಳಿಯುವುದಿಲ್ಲ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮದುವೆಯ 2 ಕಿಲೋ ಬಗ್ಗೆ ನಿದ್ದೆ ಕೆಡಿಸಬೇಡಿ. ಲಿವರಿನಲ್ಲಿ, ಮಾಂಸಖಂಡದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ, ಗ್ಲೈಕೋಜೆನ್ ಅಂತ, ಎಲ್ಲ ಸೇರಿ ಅರ್ಧ ಕಿಲೋ ಆಸುಪಾಸು. ಅದರ ಒಂದೊಂದು ಗ್ರಾಮಿಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಡಯಟಿನ ಮೊದಲ ವಾರ ದಿಢೀರ್ ಅಂತ ಇಳಿದದ್ದರಲ್ಲಿ ದೊಡ್ಡ ಪಾಲು ಇದೇ ನೀರು. ಎರಡು ದಿನ ಅನ್ನ, ಹೋಳಿಗೆ, ಪಾಯಸ, ಉಪ್ಪಿನಕಾಯಿ ಹೋದಾಗ ಅದು ಮತ್ತೆ ತುಂಬಿತು. 2 ಕಿಲೋ ಕೊಬ್ಬು ಬೆಳೆಯಬೇಕಾದರೆ ದಿನದ ಅಗತ್ಯದ ಮೇಲೆ ಹದಿನೈದು ಸಾವಿರ ಕ್ಯಾಲೊರಿ ತಿನ್ನಬೇಕು. ಎರಡು ದಿನದಲ್ಲಿ ಯಾವ ಮದುವೆ ಊಟದಲ್ಲೂ ಅದು ಆಗುವ ಮಾತಲ್ಲ.

ಈಗ ಮಾಡಬೇಕಾದದ್ದು. ಗುಂಪಿನಿಂದ ಹೊರಗೆ ಬನ್ನಿ, ಇವತ್ತೇ. ದಿನದ ಊಟವನ್ನು ವಾರ ವಾರಕ್ಕೂ 150 ಕ್ಯಾಲೊರಿಯಷ್ಟು ಏರಿಸುತ್ತಾ 1600ರ ಹತ್ತಿರ ತನ್ನಿ. ಲೆಕ್ಕ ಬೇಡದವರಿಗೆ ಸುಲಭ ದಾರಿ: ಮೊದಲ ವಾರ ಬೆಳಿಗ್ಗೆ ಓಟ್ಸ್ ಜೊತೆ ಎರಡು ಮೊಟ್ಟೆ, ಅಥವಾ ಓಟ್ಸ್ ಬಿಟ್ಟು ಎರಡು ದೋಸೆ ಮತ್ತು ಬೇಯಿಸಿದ ಕಡಲೆ. ಎರಡನೇ ವಾರ ಮಧ್ಯಾಹ್ನಕ್ಕೆ ಕುಚ್ಚಿಲಕ್ಕಿ ಅನ್ನ ಒಂದು ಬಟ್ಟಲು, ಜೊತೆಗೆ ಹುರುಳಿ ಸಾರು ಅಥವಾ ಹೆಸರುಕಾಳಿನ ಗಸಿ. ಮೀನು ತಿನ್ನುವವರಾದರೆ ಬೂತಾಯಿಯಷ್ಟು ಒಳ್ಳೆಯದು, ಅಗ್ಗದ್ದು, ನಮ್ಮ ಕರಾವಳಿಯಲ್ಲಿ ಬೇರೆ ಇಲ್ಲ. 100 ಗ್ರಾಂ ಮೀನಿನಲ್ಲಿ 20 ಗ್ರಾಂ ಹತ್ತಿರ ಪ್ರೋಟೀನ್ ಉಂಟು. ಆಮೇಲೆ ರಾತ್ರಿಯ ತಟ್ಟೆ ಸರಿ ಮಾಡಿ. ತೆಂಗಿನಕಾಯಿಗೆ ಹೆದರಬೇಡಿ, ಗಸಿಗೆ ಒಂದೆರಡು ಚಮಚ ತುರಿ ಹಾಕಿದರೆ ಆಕಾಶ ಬೀಳುವುದಿಲ್ಲ. ದಿನಕ್ಕೆ 60 ಗ್ರಾಂ ಪ್ರೋಟೀನ್ ಹೊಟ್ಟೆಗೆ ಹೋಗುವ ಹಾಗೆ ನೋಡಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಅಂತ ಲೆಕ್ಕ ಇಟ್ಟುಕೊಳ್ಳಿ. ಈಗ ನಿಮ್ಮ ಪಟ್ಟಿಯಲ್ಲಿ ಅದರ ಅರ್ಧವೂ ಇಲ್ಲ, ಇಳಿದ 11 ಕಿಲೋದಲ್ಲಿ ಒಳ್ಳೆಯ ಮಾಂಸಖಂಡವೂ ಹೋಗಿರುತ್ತದೆ.

ಆ ಮಾಂಸಖಂಡ ವಾಪಸ್ ಬರಬೇಕಾದರೆ ಭಾರದ ಕೆಲಸ ಬೇಕು. ಜಿಮ್ಮಿಗೆ ಹೋಗಲೇಬೇಕೆಂದಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ ಕೂರಿ, ಗೋಡೆಗೆ ಕೈ ಒತ್ತಿ ದಂಡ ಹೊಡೆಯಿರಿ, ತುಂಬಿದ ಕೊಡ ಹಿಡಿದು ಅಂಗಳ ಸುತ್ತಿ, ವಾರಕ್ಕೆ ಮೂರು ದಿನ. ಮೊದಲ ತಿಂಗಳು ತಕ್ಕಡಿಯನ್ನು ಮಂಚದಡಿ ತಳ್ಳಿ. ಒಂದೆರಡು ಕಿಲೋ ಏರುತ್ತದೆ, ನೀರು ಮತ್ತು ದಾಸ್ತಾನು, ಆಮೇಲೆ ನಿಲ್ಲುತ್ತದೆ. ಸೊಂಟಕ್ಕೆ ಟೇಪು ಹಿಡಿಯಿರಿ, 80 ಸೆಂಟಿಮೀಟರಿನ ಒಳಗಿದ್ದರೆ ಒಳ್ಳೆಯದು. ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ ಒಮ್ಮೆ ನೋಡಿಸಿ. ಊಟ ಕಮ್ಮಿಯಾದ ಎರಡು ಮೂರು ತಿಂಗಳಿಗೆ ಕೂದಲು ಉದುರಲು ಶುರುವಾಗುತ್ತದೆ, ಊಟ ಸರಿಯಾದ ಮೇಲೆ ನಿಲ್ಲಲಿಕ್ಕೂ ಅಷ್ಟೇ ಕಾಲ ಬೇಕು, ಎಣ್ಣೆ ಬದಲಿಸುತ್ತಾ ದುಡ್ಡು ಹಾಕಬೇಡಿ. ಬೇಗ ತೂಕ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಂಭವ ಜಾಸ್ತಿ. ಜಿಡ್ಡಿನ ಊಟದ ನಂತರ ಬಲಗಡೆ ಪಕ್ಕೆಲುಬಿನ ಕೆಳಗೆ ಗಟ್ಟಿ ನೋವು ಬಂದರೆ ಗ್ಯಾಸು ಅಂತ ಬಿಡದೆ ಸ್ಕ್ಯಾನ್ ಮಾಡಿಸಿ. ಮುಟ್ಟು ಮೂರು ತಿಂಗಳು ಬಾರದಿದ್ದರೆ ವೈದ್ಯರನ್ನು ಕಾಣಲೇಬೇಕು. ಯಾಕೆ ಅಂತ ಮುಂದಿನ ಪತ್ರದಲ್ಲಿ ಉಂಟು.

ಪ್ರಶ್ನೆ: ಮಗಳು ಪ್ಲಸ್ ಟು ಓದುತ್ತಿದ್ದಾಳೆ, 17 ವರ್ಷ. ಮೊದಲಿಂದಲೂ ಸಪೂರವೇ. ಒಂದು ವರ್ಷದಿಂದ ದಪ್ಪ ಆಗಿದ್ದೇನೆ ಅಂತ ಹಟ. ಒಂದು ಹೊತ್ತು ಮಾತ್ರ ತಿನ್ನುತ್ತಾಳೆ, ಅದೂ ನಮ್ಮ ಜೊತೆ ಕೂತು ಅಲ್ಲ. ಐದು ತಿಂಗಳಿಂದ ಮುಟ್ಟು ಇಲ್ಲ. ಅವಳ ಅಪ್ಪ ಪರೀಕ್ಷೆಯ ಟೆನ್ಶನ್ ಅಂತಾರೆ. ಬೈದು ತಿನ್ನಿಸಬೇಕೇ?
— ಮುಳ್ಳೇರಿಯದಿಂದ ಒಬ್ಬ ತಾಯಿ

ಉತ್ತರ: ಅಮ್ಮಾ, ಇದು ಟೆನ್ಶನ್ ಅಂತ ಬಿಡುವ ವಿಷಯ ಅಲ್ಲ. ಬೈಯುವುದೂ ಬೇಡ. ಈ ವಾರದಲ್ಲೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಗರ್ಭ ಹೊರುವಷ್ಟು ಶಕ್ತಿ ಈ ದೇಹದಲ್ಲಿ ಇಲ್ಲ ಅಂತ ಮೆದುಳು ತೀರ್ಮಾನಿಸಿದಾಗ ಅಂಡಾಶಯಕ್ಕೆ ಹೋಗುವ ಸೂಚನೆಯನ್ನೇ ನಿಲ್ಲಿಸಿಬಿಡುತ್ತದೆ. ಮುಟ್ಟು ನಿಲ್ಲುವುದು ಹಾಗೆ. ಅದರ ಜೊತೆ ಈಸ್ಟ್ರೋಜನ್ ಇಳಿಯುತ್ತದೆ, ಈಸ್ಟ್ರೋಜನ್ ಇಳಿದರೆ ಮೂಳೆ ಸವೆಯುತ್ತದೆ. ಹದಿಹರೆಯ ಅಂದರೆ ಮೂಳೆ ಗಟ್ಟಿಯಾಗುವ ಕಾಲ, ಆಗ ಕಟ್ಟಿಕೊಳ್ಳದ ಮೂಳೆಯನ್ನು ಆಮೇಲೆ ಪೂರ್ತಿಯಾಗಿ ಕಟ್ಟಿಕೊಳ್ಳಲು ಆಗುವುದಿಲ್ಲ. ನನಗೆ ಇದರಲ್ಲಿ ಅತಿ ದೊಡ್ಡ ಚಿಂತೆ ಇದೇ. ಮುಟ್ಟು ಬರಿಸಲಿಕ್ಕೆ ಸುಮ್ನೆ ಮಾತ್ರೆ ಕೊಟ್ಟರೆ ರಕ್ತಸ್ರಾವ ಆಗುತ್ತದೆ, ಮೂಲ ತೊಂದರೆ ಹಾಗೆಯೇ ಇರುತ್ತದೆ.

ಅವಳು ತಲೆಸುತ್ತಿ ಬಿದ್ದರೆ, ಎದೆಬಡಿತ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ಕಾಲು ಊದಿದ್ದರೆ ಈ ವಾರದವರೆಗೂ ಕಾಯಬೇಡಿ, ಅವತ್ತೇ ಆಸ್ಪತ್ರೆ. ನಾಡಿ ಹಿಡಿದು ಎಣಿಸುವುದು ಮನೆಯಲ್ಲೇ ಮಾಡಬಹುದು, ಬೆಳಿಗ್ಗೆ ಏಳುವ ಮೊದಲು, ಪೂರಾ ಒಂದು ನಿಮಿಷ.

ಇನ್ನೊಂದು ಬಹಳ ಮುಖ್ಯ. ತಿಂಗಳುಗಟ್ಟಲೆ ಹಸಿದಿದ್ದವರಿಗೆ ಒಮ್ಮೆಲೇ ತಟ್ಟೆ ತುಂಬ ಅನ್ನ, ಸಿಹಿ ಕೊಟ್ಟರೆ ರಕ್ತದಲ್ಲಿರುವ ಫಾಸ್ಫರಸ್, ಪೊಟ್ಯಾಸಿಯಂ ಜೀವಕೋಶದೊಳಗೆ ಸರಸರನೆ ಹೋಗಿ ರಕ್ತದಲ್ಲಿ ಕಮ್ಮಿ ಬೀಳುತ್ತವೆ, ಹೃದಯಕ್ಕೆ ಅಪಾಯ. ತೀರಾ ಇಳಿದುಹೋದವರಿಗೆ ಊಟವನ್ನು ಎಷ್ಟು ಏರಿಸಬೇಕು ಅಂತ ವೈದ್ಯರು ರಕ್ತ ಪರೀಕ್ಷೆ ನೋಡಿಕೊಂಡು ಹೇಳಬೇಕು. ಹಾಗಾಗಿಯೇ ಒತ್ತಾಯ ಮಾಡಿ ತುರುಕಬೇಡಿ ಅನ್ನುವುದು.

ಮನಸ್ಸಿನ ಕಡೆಗೂ ಸಹಾಯ ಬೇಕು. ಸಪೂರ ಇದ್ದೂ ದಪ್ಪ ಅಂತ ಕಾಣುವುದು ಹಟವಲ್ಲ, ಅದೊಂದು ಕಾಯಿಲೆ, ಗುಣವಾಗುವ ಕಾಯಿಲೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾತಾಡಬಹುದು, ಕನ್ನಡದಲ್ಲೂ ಸಿಗುತ್ತದೆ. ಅವಳ ಮುಂದೆ ಯಾರ ತೂಕದ ಬಗ್ಗೆಯೂ ಮಾತು ಬೇಡ, ಮನೆಗೆ ಬಂದ ನೆಂಟರಿಗೂ ಮೊದಲೇ ಹೇಳಿಡಿ. ಅವಳ ಜೊತೆ ಕೂತು ನೀವೂ ಊಟ ಮಾಡಿ, ತಟ್ಟೆ ನೋಡದೆ, ಬೇರೆ ಏನಾದರೂ ಮಾತಾಡುತ್ತಾ.

ಪ್ರಶ್ನೆ: ನನಗೆ 52, ನಾಲ್ಕು ವರ್ಷದಿಂದ ಶುಗರ್. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ. ದಿನಕ್ಕೆ 800 ಕ್ಯಾಲೊರಿ ತಿಂದರೆ ಶುಗರ್ ಮಾಯ ಅಂತ ಮಲಯಾಳಂ ವಿಡಿಯೊದಲ್ಲಿ ನೋಡಿದೆ. ನೀವು ನೋಡಿದರೆ ಕಮ್ಮಿ ತಿನ್ನುವುದು ಕೆಟ್ಟದು ಅಂತೀರಿ. ಯಾವುದು ಸರಿ?
— ಉಪ್ಪಳದ ಓದುಗರು

ಉತ್ತರ: ವಿಡಿಯೊದವರು ಹೇಳಿದ್ದರ ಹಿಂದೆ ನಿಜವಾದ ಅಧ್ಯಯನ ಇದೆ. ಬ್ರಿಟನ್ನಿನಲ್ಲಿ ರಾಯ್ ಟೇಲರ್, ಮೈಕ್ ಲೀನ್ ನಡೆಸಿದ್ದು, 2017ರಲ್ಲಿ ಪ್ರಕಟವಾಯಿತು. ದಿನಕ್ಕೆ 825ರಿಂದ 853 ಕ್ಯಾಲೊರಿ, ಮೂರರಿಂದ ಐದು ತಿಂಗಳು. ಒಂದು ವರ್ಷದ ನಂತರ ಶೇಕಡಾ 46 ಮಂದಿಗೆ ಮಾತ್ರೆ ಇಲ್ಲದೆ ಶುಗರ್ ಹತೋಟಿಯಲ್ಲಿತ್ತು. ಎರಡನೇ ವರ್ಷಕ್ಕೆ ಅದು ಶೇಕಡಾ 36.

ಆದರೆ ಅಲ್ಲಿ ಏನೇನು ಇತ್ತು ಅಂತ ಕೇಳಿ. ತೂಕ ಜಾಸ್ತಿ ಇದ್ದವರು, ಶುಗರ್ ಬಂದು ಆರು ವರ್ಷದೊಳಗಿನವರು, ಇನ್ಸುಲಿನ್ ತೆಗೆದುಕೊಳ್ಳದವರು ಮಾತ್ರ. ಎಲ್ಲ ವಿಟಮಿನ್, ಖನಿಜ, ಪ್ರೋಟೀನ್ ಅಳೆದು ಹಾಕಿದ ಪುಡಿಯನ್ನೇ ಊಟದ ಬದಲು ಕೊಟ್ಟರು. ಶುಗರ್ ಮಾತ್ರೆಗಳನ್ನು ಮೊದಲ ದಿನವೇ ವೈದ್ಯರು ನಿಲ್ಲಿಸಿದರು. ಆಮೇಲೆ ವಾರಗಟ್ಟಲೆ ನಿಧಾನವಾಗಿ ಊಟಕ್ಕೆ ಮರಳಿಸಿದರು, ವರ್ಷಗಟ್ಟಲೆ ಜೊತೆಗಿದ್ದರು. ಅಂತ್ಯವಿಲ್ಲದೆ ಮುಳ್ಳುಸೌತೆ ತಿಂದು ಬದುಕಿ ಅಂತ ಅವರು ಹೇಳಲಿಲ್ಲ.

ನೀವು ಒಬ್ಬರೇ ಶುರು ಮಾಡಿದರೆ ಏನಾಗುತ್ತದೆ ಅಂದರೆ, ಗ್ಲಿಮೆಪಿರೈಡ್ ನಿಮ್ಮ ಊಟ ನೋಡಿಕೊಂಡು ಕೆಲಸ ಮಾಡುವುದಿಲ್ಲ, ತಿಂದರೂ ತಿನ್ನದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. 800 ಕ್ಯಾಲೊರಿಯಲ್ಲಿ ಆ ಮಾತ್ರೆ ನುಂಗಿದರೆ ಶುಗರ್ 70ಕ್ಕಿಂತ ಕೆಳಗೆ ಹೋಗಿ ಬೆವರು, ನಡುಕ, ಪ್ರಜ್ಞೆ ತಪ್ಪುವುದು, ಬೈಕು ಓಡಿಸುತ್ತಿದ್ದರೆ ಇನ್ನೂ ಕಷ್ಟ. ಡಾಪಾಗ್ಲಿಫ್ಲೋಜಿನ್ ತರದ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತೀರಾ ಕಮ್ಮಿಯಾದರೆ ರಕ್ತದಲ್ಲಿ ಕೀಟೋನ್ ಆಮ್ಲ ಏರುವ ಅಪಾಯ ಬೇರೆ ಉಂಟು, ಶುಗರಿನ ಅಂಕಿ ಹೆಚ್ಚೇನೂ ಏರದೆಯೇ. ನಿಮ್ಮ ವೈದ್ಯರನ್ನು ಕೇಳಿ, ಅವರು ಒಪ್ಪಿ ಮಾತ್ರೆ ಬದಲಿಸಿದರೆ ನಾನೂ ಸಂತೋಷದಿಂದ ಮಾಡಿ ಅನ್ನುತ್ತೇನೆ. ನಿಮ್ಮ ತೂಕ, ಎತ್ತರ ಬರೆದಿಲ್ಲ. ಸಪೂರದವರಾದರೆ ಈ ದಾರಿಗೆ ಹೋಗುವ ಮೊದಲು ಎರಡು ಸಲ ಯೋಚಿಸಬೇಕು.

ಪ್ರಶ್ನೆ: ನಾನು ಏಕಾದಶಿ ಮಾಡುತ್ತೇನೆ. ನನ್ನ ಜೊತೆ ಶಾಲೆಯಲ್ಲಿ ಕೆಲಸ ಮಾಡುವ ಟೀಚರ್ ರಂಜಾನ್ ಉಪವಾಸ ಮಾಡುತ್ತಾರೆ. ಇದರಿಂದಲೂ ಮೆಟಬಾಲಿಸಂ ಕುಸಿಯುತ್ತದಾ?
— ಪೆರ್ಲದ ಶಿಕ್ಷಕಿ

ಉತ್ತರ: ಇಲ್ಲ. ಒಂದು ದಿನ ಊಟ ಬಿಟ್ಟರೆ ಲಿವರಿನ ಸಕ್ಕರೆ ದಾಸ್ತಾನು ಖರ್ಚಾಗುತ್ತದೆ, ಆಮೇಲೆ ಕೊಬ್ಬು ಸುಡಲು ಶುರು, ಮಾರನೇ ದಿನ ಉಂಡರೆ ಎಲ್ಲ ಮೊದಲಿನಂತೆ. ದೇಹ ಬರಗಾಲ ಅಂತ ತಿಳಿದು ಬಿಗಿ ಹಿಡಿಯುವಷ್ಟು ಕಾಲ ಅದಲ್ಲ. ರಂಜಾನಿನಲ್ಲಿ ಸೂರ್ಯ ಮುಳುಗಿದ ಮೇಲೆ, ಬೆಳಗಿನ ಜಾವ ಊಟ ಇರುತ್ತದೆ, ಹೊತ್ತು ಬದಲಾಗುತ್ತದೆ ಹೊರತು ಊಟದ ಮೊತ್ತ ಅರ್ಧಕ್ಕೆ ಇಳಿಯುವುದಿಲ್ಲ. ಇಬ್ಬರೂ ಧೈರ್ಯವಾಗಿ ಮಾಡಿ.

ಶುಗರ್ ಇರುವವರು, ಬಸುರಿಯರು, ಹಾಲೂಡಿಸುವವರು ಮಾತ್ರ ಮೊದಲೇ ವೈದ್ಯರನ್ನು ಕೇಳಬೇಕು. ಮಾತ್ರೆಯ ಹೊತ್ತು ಮತ್ತು ಪ್ರಮಾಣ ಎರಡನ್ನೂ ಉಪವಾಸಕ್ಕೆ ತಕ್ಕ ಹಾಗೆ ಅವರು ಬದಲಿಸಿಕೊಡುತ್ತಾರೆ. ಉಪವಾಸದ ನಡುವೆ ಬೆವರು, ಕೈನಡುಕ ಬಂದರೆ ಶುಗರ್ ನೋಡಿ, 70ಕ್ಕಿಂತ ಕೆಳಗಿದ್ದರೆ ಆಗಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ.